ಹಡಗೊಡೆದವರಿಗಾಗಿ ಕಡಿದ ದಾರಿ

ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿಲೋಮೀಟರ್. ಬಸ್ಸು ಹತ್ತಿದರೆ ಎರಡು ಗಂಟೆಯ ಹಾದಿ. ಅದಕ್ಕಿಂತ ಐದು ಕಿಲೋಮೀಟರ್ ಮಾತ್ರ ಹೆಚ್ಚಿರುವ ಒಂದು ದಾರಿ ಕೆನಡಾ ದೇಶದ ಪಶ್ಚಿಮ ಕರಾವಳಿಯಲ್ಲಿದೆ. ಅದನ್ನು ಮುಗಿಸಲು ಗಟ್ಟಿಮುಟ್ಟಾದವರಿಗೂ ಆರರಿಂದ ಎಂಟು ದಿನ ಹಿಡಿಯುತ್ತದೆ. ಕೆಲವು ಕಡೆ ಒಂದು ಕಿಲೋಮೀಟರ್ ನಡೆಯಲು ಒಂದು ಗಂಟೆಗೂ ಮೇಲೆ ಬೇಕು. ನಡುವೆ ಅಂಗಡಿ ಸಾಲಿಲ್ಲ, ವಸತಿಗೃಹವಿಲ್ಲ, ಮೋಟಾರು ರಸ್ತೆ ದಾರಿಗೆ ಬಂದು ಸೇರುವುದಿಲ್ಲ. ಒಂದು ವಾರದ ಅಕ್ಕಿ ಬೇಳೆ, ಡೇರೆ, ಹಾಸಿಗೆ, ಒಲೆ ಎಲ್ಲವನ್ನೂ ಬೆನ್ನಿನ ಮೇಲೆ ಹೊತ್ತೇ ಹೋಗಬೇಕು.

ಇದರ ಹೆಸರು ವೆಸ್ಟ್ ಕೋಸ್ಟ್ ಟ್ರೇಲ್. ಎಂದರೆ ಪಶ್ಚಿಮ ಕರಾವಳಿಯ ಕಾಲುದಾರಿ. ವ್ಯಾಂಕೂವರ್ ದ್ವೀಪದ ನೈರುತ್ಯ ಅಂಚಿನಲ್ಲಿ, ಬ್ಯಾಮ್‌ಫೀಲ್ಡ್ ಎಂಬ ಸಣ್ಣ ಊರಿನ ಬಳಿಯ ಪಚೀನಾ ಕೊಲ್ಲಿಯಿಂದ ಹೊರಟು ಪೋರ್ಟ್ ರೆನ್‌ಫ್ರೂ ಬಳಿಯ ಗೋರ್ಡನ್ ನದಿಯಲ್ಲಿ ಇದು ಮುಗಿಯುತ್ತದೆ. ಜಗತ್ತಿನ ಹೆಸರಾಂತ ಚಾರಣ ಮಾರ್ಗಗಳಲ್ಲಿ ಇದೂ ಒಂದು. ಮೊದಲೇ ಕಾದಿರಿಸಿ, ಶುಲ್ಕ ಕಟ್ಟಿ, ಪರವಾನಿಗೆ ಪಡೆದು ಜನ ಇಲ್ಲಿಗೆ ನಡೆಯಲು ಬರುತ್ತಾರೆ.

ಸುಮ್ಮನೆ ಕಷ್ಟಪಡಲು ಹಣ ಕೊಟ್ಟು ಹೋಗುವುದೇ ಎಂದು ನಮ್ಮ ಹಿರಿಯರು ಕೇಳಿಯಾರು. ಆದರೆ ಈ ದಾರಿಯನ್ನು ಯಾರೂ ವಿಹಾರಕ್ಕೆಂದು ಕಡಿದದ್ದಲ್ಲ. ಹಡಗು ಒಡೆದು ನೀರು ಕುಡಿದು, ಮೈ ನೆನೆದು, ಹೇಗೋ ದಡಕ್ಕೆ ಬಿದ್ದವರು ನಡೆದು ಬದುಕಿಕೊಳ್ಳಲಿ. ಅವರನ್ನು ಹುಡುಕಿ ಬರುವವರು ಬೇಗ ಬಂದು ಮುಟ್ಟಲಿ ಎಂದು ಸರ್ಕಾರ ಕಡಿಸಿದ ದಾರಿ ಇದು. ಅದಕ್ಕೆ ಕಾರಣವಾದದ್ದು 1906ರ ಜನವರಿ ತಿಂಗಳ ಒಂದು ದುರಂತ. ಅದಕ್ಕೂ ಬಹಳ ಮೊದಲೇ ಅಲ್ಲಿ ಬೇರೆಯವರ ಹೆಜ್ಜೆಗಳಿದ್ದವು.

ಹಡಗುಗಳ ಸ್ಮಶಾನ

ಈ ತೀರಕ್ಕೆ ನಾವಿಕರು ಇಟ್ಟ ಹೆಸರು ‘ಪೆಸಿಫಿಕ್‌ನ ಸ್ಮಶಾನ’. ದಾರಿಯ ಆಸುಪಾಸಿನ ತೀರವೊಂದರಲ್ಲೇ ಅರವತ್ತರಷ್ಟು ಹಡಗುಗಳು ಒಡೆದಿವೆ ಎಂಬ ಲೆಕ್ಕವಿದೆ.

ಕಾರಣ ತಿಳಿಯಲು ನಕ್ಷೆ ನೋಡಬೇಕು. ಅಮೆರಿಕದ ಪಶ್ಚಿಮ ಕರಾವಳಿಗುಂಟ ಉತ್ತರಕ್ಕೆ ಬರುವ ಹಡಗು ಸಿಯಾಟಲ್, ವಿಕ್ಟೋರಿಯಾ, ವ್ಯಾಂಕೂವರ್ ಬಂದರುಗಳಿಗೆ ಹೋಗಬೇಕಾದರೆ ಹ್ವಾನ್ ಡೆ ಫ್ಯೂಕಾ ಎಂಬ ಜಲಸಂಧಿಯೊಳಕ್ಕೆ ಬಲಕ್ಕೆ ತಿರುಗಬೇಕು. ಆ ಜಲಸಂಧಿಯ ಬಾಯಿ ಸುಮಾರು 20 ಕಿಲೋಮೀಟರ್ ಅಗಲ. ಹಗಲು ತಿಳಿಯಾಗಿದ್ದರೆ ತೊಂದರೆಯಿಲ್ಲ. ಆದರೆ ಚಳಿಗಾಲದಲ್ಲಿ ಅಲ್ಲಿ ಆಗ್ನೇಯದಿಂದ ಬಿರುಗಾಳಿ ಬೀಸುತ್ತದೆ, ಸಮುದ್ರದ ಒಳಸೆಳೆತ ಉತ್ತರದ ಕಡೆಗಿರುತ್ತದೆ, ಮಂಜು ಮಳೆ ಎರಡೂ ಸೇರಿ ದೀಪಸ್ತಂಭವನ್ನು ಮರೆಮಾಡುತ್ತವೆ. ರಡಾರ್ ಇಲ್ಲದ ಕಾಲದಲ್ಲಿ ಕಪ್ತಾನನು ವೇಗ, ದಿಕ್ಕು, ಕಳೆದ ಹೊತ್ತು ಇವಿಷ್ಟನ್ನು ಗುಣಿಸಿ ತಾನೆಲ್ಲಿದ್ದೇನೆ ಎಂದು ಅಂದಾಜು ಮಾಡುತ್ತಿದ್ದ. ಒಳಸೆಳೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ತಿರುವು ತಪ್ಪಿಹೋಗುತ್ತಿತ್ತು. ಮುಂದೆ ಎದುರಾಗುವುದು ವ್ಯಾಂಕೂವರ್ ದ್ವೀಪದ ಬಂಡೆಸಾಲು.

ಹಡಗಿನಿಂದ ಪಾರಾಗಿ ದಡ ಸೇರಿದವನ ಕಷ್ಟ ಅಲ್ಲಿಗೇ ಮುಗಿಯುತ್ತಿರಲಿಲ್ಲ. ದಡ ಎಂದರೆ ಹಲವೆಡೆ ನೆಟ್ಟಗೆ ನಿಂತ ಕಡಿದಾದ ಬಂಡೆ. ಅದರ ತಲೆಯ ಮೇಲೆ ಸ್ಪ್ರೂಸ್, ಸೀಡರ್, ಹೆಮ್‌ಲಾಕ್ ಮರಗಳ ದಟ್ಟ ಕಾಡು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ನಮ್ಮ ಕರಾವಳಿಯವರಿಗೆ ಈ ಮಳೆ ಹೊಸದಲ್ಲ. ಆದರೆ ಇಲ್ಲಿ ಮಳೆ ಬರುವುದು ಸೆಖೆಯ ನಂತರ, ಅಲ್ಲಿ ಬಹುಪಾಲು ಬರುವುದು ಚಳಿಯ ಜೊತೆಗೆ. ನೆನೆದ ಬಟ್ಟೆಯಲ್ಲಿ ಒಂದು ರಾತ್ರಿ ಕಳೆದರೆ ಸಾವು ಹತ್ತಿರವೇ. ಆಳೆತ್ತರದ ಪೊದೆ, ಬಿದ್ದ ಮರಗಳ ರಾಶಿ, ಕೆಸರು. ಒಳನುಗ್ಗಿದವನಿಗೆ ಯಾವ ಕಡೆ ಊರಿದೆ ಎಂದೇ ತಿಳಿಯದು.

ಮೊದಲ ಹೆಜ್ಜೆಗಳು

ಊರುಗಳು ಇದ್ದೇ ಇದ್ದವು. ಆ ತೀರ ಹೂ-ಐ-ಆಟ್, ಡಿಟಿಡಾಟ್ ಮತ್ತು ಪಚೀಡಾಟ್ ಎಂಬ ಮೂರು ಮೂಲನಿವಾಸಿ ಜನಾಂಗಗಳ ನೆಲ. ಸೀಡರ್ ಮರದ ದಿಮ್ಮಿಯನ್ನೇ ಕೊರೆದು ದೋಣಿ ಮಾಡಿ ಅವರು ತಿಮಿಂಗಿಲದ ಬೇಟೆಗೆ ಕಡಲಿಗೆ ಇಳಿಯುತ್ತಿದ್ದರು. ಅದೇ ಮರದ ಹಲಗೆಯ ದೊಡ್ಡ ಮನೆಗಳು, ಅದೇ ಮರದ ನಾರಿನ ಬಟ್ಟೆ, ಚಾಪೆ, ಹಗ್ಗ. ನಮ್ಮಲ್ಲಿ ತೆಂಗು ಹೇಗೋ ಅವರಿಗೆ ಸೀಡರ್ ಹಾಗೆ. ನೀರಿನ ಮೇಲೆ ದೋಣಿಯ ದಾರಿ, ನೆಲದ ಮೇಲೆ ಹಳ್ಳಿಯಿಂದ ಹಳ್ಳಿಗೆ ಕಾಲುದಾರಿ. ವ್ಯಾಪಾರ, ಮದುವೆ, ಜಗಳ ಎಲ್ಲವೂ ಇವುಗಳ ಮೂಲಕವೇ ನಡೆಯುತ್ತಿದ್ದವು.

ಅವರ ನೆನಪು ಎಷ್ಟು ಆಳದ್ದು ಎಂಬುದಕ್ಕೆ ದಾರಿ ಆರಂಭವಾಗುವ ಪಚೀನಾ ಕೊಲ್ಲಿಯಲ್ಲೇ ಒಂದು ನಿದರ್ಶನವಿದೆ. ಬಹಳ ಹಿಂದೆ ಒಂದು ಚಳಿಗಾಲದ ರಾತ್ರಿ ನೆಲ ನಡುಗಿತು, ಕಡಲು ಎದ್ದು ಬಂತು, ಕೊಲ್ಲಿಯ ದಡದಲ್ಲಿ ಮಲಗಿದ್ದ ಊರಿಗೆ ಊರೇ ಕೊಚ್ಚಿಹೋಯಿತು, ಎತ್ತರದ ಜಾಗದಲ್ಲಿದ್ದವರು ಮಾತ್ರ ಉಳಿದರು ಎಂದು ಹೂ-ಐ-ಆಟ್ ಹಿರಿಯರು ಹೇಳಿಕೊಂಡು ಬಂದಿದ್ದರು. 1964ರಲ್ಲಿ ಆ ಜನರ ಹಿರಿಯ ಲೂಯಿ ನೂಕ್ಮಿಸ್ ಹೇಳಿದ ಕಥನ ದಾಖಲಾಯಿತು. ಹೊರಗಿನವರಿಗೆ ಅದು ಕಟ್ಟುಕಥೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಕರಾವಳಿಯ ಕೆಸರಿನ ಪದರಗಳನ್ನೂ ಮುಳುಗಿ ಸತ್ತ ಮರಗಳನ್ನೂ ಪರೀಕ್ಷಿಸಿದ ವಿಜ್ಞಾನಿಗಳು ಸುಮಾರು ಮುನ್ನೂರು ವರ್ಷಗಳ ಹಿಂದೆ ಅಲ್ಲಿ ಮಹಾಭೂಕಂಪ ಸಂಭವಿಸಿತ್ತೆಂದು ಕಂಡುಕೊಂಡರು. ಭೂಮಿ ನಡುಗದೆಯೇ ಸುನಾಮಿ ಬಂದಿತೆಂದು ಜಪಾನಿನ ಹಳೆಯ ಕಡತಗಳಲ್ಲಿ ಬರೆದಿಟ್ಟ ದಿನದೊಂದಿಗೆ ಅದನ್ನು 1996ರಲ್ಲಿ ತಾಳೆ ಹಾಕಿದಾಗ ತಾರೀಕು ಕೂಡ ಸಿಕ್ಕಿತು: 1700ನೇ ಇಸವಿ ಜನವರಿ 26ರ ರಾತ್ರಿ. ಭೂಕಂಪದ ತೀವ್ರತೆ ಸುಮಾರು 9. ಹಿರಿಯರ ಬಾಯಲ್ಲಿ ಉಳಿದಿದ್ದ ಚಳಿಗಾಲದ ರಾತ್ರಿ ನಿಜವೇ ಆಗಿತ್ತು.

ಯುರೋಪಿನವರು ಬಂದ ಮೇಲೆ ಸಿಡುಬು ಮುಂತಾದ ರೋಗಗಳು ಈ ಜನರನ್ನು ಸೊರಗಿಸಿದವು. ಊರುಗಳು ಬರಿದಾದವು. ಆದರೂ ಹಡಗೊಡೆದು ದಡಕ್ಕೆ ಬಿದ್ದ ನಾವಿಕರಿಗೆ ಬೆಂಕಿ, ಅನ್ನ, ದೋಣಿ ಸಿಕ್ಕಿದ್ದು ಎಷ್ಟೋ ಸಲ ಇವರ ಮನೆಗಳಲ್ಲೇ.

ಮರದಿಂದ ಮರಕ್ಕೆ ತಂತಿ

ಚಿನ್ನದ ಆಸೆ, ಮರದ ವ್ಯಾಪಾರ ಎರಡೂ ಬೆಳೆದು ಹಡಗುಗಳು ಹೆಚ್ಚಿದಂತೆ ಅಪಘಾತಗಳೂ ಹೆಚ್ಚಿದವು. 1874ರಲ್ಲಿ ಕೇಪ್ ಬೀಲ್‌ನಲ್ಲಿ ದೀಪಸ್ತಂಭ ಬಂತು. 1891ರಲ್ಲಿ ಕಾರ್ಮನಾ ಭೂಶಿರದಲ್ಲಿ ಇನ್ನೊಂದು. ಈ ಎರಡರ ನಡುವೆ ಸುದ್ದಿ ಮುಟ್ಟಿಸಲು, ಅಲ್ಲಿಂದ ವಿಕ್ಟೋರಿಯಾ ನಗರಕ್ಕೆ ತಿಳಿಸಲು 1889-90ರಲ್ಲಿ ಟೆಲಿಗ್ರಾಫ್ ತಂತಿ ಎಳೆದರು. ಮೂಲನಿವಾಸಿಗಳ ಹಳೆಯ ಕಾಲುದಾರಿಗಳು ಈ ಕೆಲಸಕ್ಕೆ ಒದಗಿಬಂದವು. ತಂತಿಗೆ ಬೇರೆ ಕಂಬ ನೆಡುವ ಗೊಡವೆ ಇರಲಿಲ್ಲ, ಮರದಿಂದ ಮರಕ್ಕೆ ಬಿಗಿದರೆ ಆಯಿತು. ಗಾಳಿಗೆ ಮರ ಬಿದ್ದರೆ ತಂತಿಯೂ ತುಂಡು. ಅದನ್ನು ಸರಿಪಡಿಸಲು ಅಲ್ಲಲ್ಲಿ ಲೈನ್‌ಮನ್‌ಗಳಿದ್ದರು, ಅವರಿಗೆ ಕಾಡಿನಲ್ಲೇ ಗುಡಿಸಲುಗಳಿದ್ದವು. ತಂತಿಯ ಕೆಳಗೆ ಅವರು ಓಡಾಡಿದ ಜಾಡೇ ಇಂದಿನ ದಾರಿಯ ಎಲುಬು.

1902ರಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆಯಿತು. ಬ್ರಿಟಿಷ್ ಸಾಮ್ರಾಜ್ಯದ ನೆಲಗಳನ್ನು ಜೋಡಿಸುವ ಪೆಸಿಫಿಕ್ ಸಮುದ್ರದ ಕೇಬಲ್‌ನ ಈ ಬದಿಯ ತುದಿಯನ್ನು ಬ್ಯಾಮ್‌ಫೀಲ್ಡ್‌ನಲ್ಲಿ ದಡಕ್ಕೆ ತಂದರು. ಅಲ್ಲಿಂದ ಫ್ಯಾನಿಂಗ್ ದ್ವೀಪದವರೆಗೆ ಕಡಲ ತಳದಲ್ಲಿ 6,000 ಕಿಲೋಮೀಟರಿಗೂ ಉದ್ದದ ಒಂದೇ ತಂತಿ. ಅಲ್ಲಿಂದ ಮುಂದೆ ಫಿಜಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಈ ಮೂಲೆಯ ಊರಿನಲ್ಲಿ ಕುಳಿತು ಭೂಮಿಯ ಇನ್ನೊಂದು ಮಗ್ಗುಲಿಗೆ ಮಾತು ಕಳಿಸಬಹುದಾಗಿತ್ತು. ನಾಲ್ಕು ವರ್ಷದ ನಂತರ ಇದೇ ಊರಿನಿಂದ ಒಂದು ದಿನದ ಹಾದಿಯಷ್ಟು ದೂರದಲ್ಲಿ ನಡೆದದ್ದನ್ನು ನೋಡಿದರೆ ಈ ಸಂಗತಿ ಮನಸ್ಸನ್ನು ಚುಚ್ಚುತ್ತದೆ.

ವೆಲೆನ್ಸಿಯಾ

1906ರ ಜನವರಿ 20ರಂದು ‘ವೆಲೆನ್ಸಿಯಾ’ ಎಂಬ ಕಬ್ಬಿಣದ ಉಗಿಹಡಗು ಸ್ಯಾನ್‌ಫ್ರಾನ್ಸಿಸ್ಕೋದಿಂದ ವಿಕ್ಟೋರಿಯಾ ಮತ್ತು ಸಿಯಾಟಲ್‌ಗೆ ಹೊರಟಿತು. 1882ರಲ್ಲಿ ಕಟ್ಟಿದ ಹಳೆಯ ಹಡಗು. ದುರಸ್ತಿಗೆ ನಿಂತಿದ್ದ ಬೇರೊಂದು ಹಡಗಿನ ಬದಲಿಗೆ ಈ ಪ್ರಯಾಣಕ್ಕೆ ಬಂದಿತ್ತು. ನೂರಕ್ಕೂ ಹೆಚ್ಚು ಪ್ರಯಾಣಿಕರು, ಅರವತ್ತಕ್ಕೂ ಹೆಚ್ಚು ಸಿಬ್ಬಂದಿ. ಮರುದಿನ ಬೆಳಗಿನಿಂದಲೇ ಹವೆ ಕೆಟ್ಟಿತು. ತೀರ ಕಾಣದಾಯಿತು. ಕ್ಯಾಪ್ಟನ್ ಆಸ್ಕರ್ ಜಾನ್ಸನ್ ಅಂದಾಜಿನ ಮೇಲೆ ಹಡಗು ನಡೆಸಿದರು. ದೂರ ಅಳೆಯುವ ಉಪಕರಣ ನಿಜಕ್ಕಿಂತ ಹೆಚ್ಚು ತೋರಿಸುತ್ತಿದೆ ಎಂದು ಅವರ ಎಣಿಕೆ. ಒಳಸೆಳೆತ ಹಡಗನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತಿತ್ತು ಎಂಬುದು ತಿಳಿಯಲಿಲ್ಲ. ಜಲಸಂಧಿ ಇನ್ನೂ ಬಂದಿಲ್ಲ ಎಂದುಕೊಂಡಿದ್ದಾಗ ಅದನ್ನು ದಾಟಿ ಆಗಿತ್ತು. 22ರ ನಡುರಾತ್ರಿಗೆ ಸ್ವಲ್ಪ ಮೊದಲು ಹಡಗು ಪಚೀನಾ ಭೂಶಿರದ ಹತ್ತಿರದ ಬಂಡೆಗೆ ಬಡಿಯಿತು.

ದಡ ಎಷ್ಟು ದೂರ? ಬಹಳವಿಲ್ಲ, ಐವತ್ತು ಮೀಟರ್ ಆಸುಪಾಸು. ಒಂದು ಕ್ರಿಕೆಟ್ ಮೈದಾನದ ನಡುವಿನಿಂದ ಬೌಂಡರಿ ಗೆರೆಯಷ್ಟೂ ಇಲ್ಲ. ಆದರೆ ನಡುವೆ ಕುದಿಯುವ ಕಡಲು, ಆಚೆಗೆ ಗೋಡೆಯಂಥ ಬಂಡೆ. ಕತ್ತಲಲ್ಲಿ ಗಾಬರಿಯಿಂದ ಇಳಿಸಿದ ದೋಣಿಗಳಲ್ಲಿ ಕೆಲವು ಇಳಿಸುವಾಗಲೇ ಮಗುಚಿದವು, ಕೆಲವನ್ನು ಅಲೆ ಮಗುಚಿತು. ದೋಣಿ ಹತ್ತಿಸಿದ್ದ ಹೆಂಗಸರು, ಮಕ್ಕಳು ಹೋದರು. ಒಂಬತ್ತು ಜನ ಗಂಡಸರು ಹೇಗೋ ದಡ ಸೇರಿ ಬಂಡೆ ಹತ್ತಿದರು. ಅಲ್ಲಿ ಅವರಿಗೆ ಕಂಡದ್ದು ಟೆಲಿಗ್ರಾಫ್ ತಂತಿ. ಅದನ್ನೇ ಹಿಡಿದು ನಡೆದು ಲೈನ್‌ಮನ್ ಗುಡಿಸಲು ತಲುಪಿ ಅಲ್ಲಿನ ಫೋನಿನಿಂದ ಸುದ್ದಿ ಮುಟ್ಟಿಸಿದರು.

ಇತ್ತ ಹಡಗಿನಲ್ಲಿ ಇನ್ನೊಂದು ಉಪಾಯ ಉಳಿದಿತ್ತು. ದಡಕ್ಕೆ ಹಗ್ಗ ಹಾರಿಸುವ ಸಣ್ಣ ತೋಪು ಹಡಗಿನಲ್ಲಿತ್ತು. ಅತ್ತ ಯಾರಾದರೂ ಹಗ್ಗ ಹಿಡಿದು ಮರಕ್ಕೆ ಕಟ್ಟಿದರೆ ಒಬ್ಬೊಬ್ಬರನ್ನಾಗಿ ದಡಕ್ಕೆ ಎಳೆದುಕೊಳ್ಳಬಹುದು. ಇದಕ್ಕೆಂದೇ ಕೊನೆಯ ದೋಣಿಯಲ್ಲಿ ಕೆಲವು ನಾವಿಕರನ್ನು ಕಳಿಸಿದರು: ದಡ ಸೇರಿ ಬಂಡೆಯ ನೆತ್ತಿಗೆ ಬನ್ನಿ, ಹಗ್ಗ ಹಿಡಿಯಿರಿ ಎಂದು. ಆ ದೋಣಿ ದೂರ ಹೋಗಿ ದಡ ಹತ್ತಿತು. ಅಲ್ಲಿ ‘ಕೇಪ್ ಬೀಲ್‌ಗೆ ಮೂರು ಮೈಲಿ’ ಎಂಬ ಫಲಕ ಕಂಡಿತು. ಬಂಡೆಯ ಕಡೆಗೆ ತಿರುಗಿ ಹೋಗುವುದನ್ನು ಬಿಟ್ಟು ಅವರು ದೀಪಸ್ತಂಭಕ್ಕೆ ನಡೆದರು. ಅವರು ಹೇಳಬೇಕಿದ್ದ ಸುದ್ದಿ ಅಷ್ಟರಲ್ಲಿ ತಂತಿಯ ಮೂಲಕ ಹೋಗಿ ಆಗಿತ್ತು.

ಹಡಗಿನವರು ಹಗ್ಗ ಹಾರಿಸಿದರು. ಅದು ಬಂಡೆಯ ನೆತ್ತಿಯನ್ನೂ ಮುಟ್ಟಿತು. ಹಿಡಿಯುವವರು ಇರಲಿಲ್ಲ. ಬಂಡೆಗೆ ಉಜ್ಜಿ ಉಜ್ಜಿ ಹಗ್ಗ ತುಂಡಾಯಿತು.

ಸುದ್ದಿ ಕೇಳಿ ಹಡಗುಗಳು ಬಂದವು. ಅಲೆಯ ಅಬ್ಬರಕ್ಕೆ ಹತ್ತಿರ ಬರಲಾರದೆ ದೂರದಿಂದ ನೋಡಿ ನಿಂತವು. ಹಡಗಿನಲ್ಲಿ ಉಳಿದವರು ಅವುಗಳನ್ನು ಕಂಡು, ಇನ್ನೇನು ಬಂದು ಕರೆದೊಯ್ಯುತ್ತಾರೆ ಎಂದು ನಂಬಿ ಕಾದರು. ತೆಪ್ಪ ಇಳಿಸಿದಾಗ ಹೆಂಗಸರು ಹತ್ತಲು ಒಪ್ಪದಿದ್ದುದಕ್ಕೆ ಈ ನಂಬಿಕೆಯೂ ಒಂದು ಕಾರಣವೆನ್ನುತ್ತಾರೆ. ನೆಲದ ಮೇಲಿನಿಂದ ಮೂರು ಜನ ತಂತಿಯ ಜಾಡಿನಲ್ಲಿ ಕಾಡು ಬಗೆದುಕೊಂಡು ಬಂದರು. ಅವರು ಬಂಡೆಯ ನೆತ್ತಿ ತಲುಪಿದ್ದು 24ರಂದು. ಅವರ ಕೈಯಲ್ಲಿ ಏನೂ ಮಾಡುವಂತಿರಲಿಲ್ಲ. ಅವರ ಕಣ್ಣೆದುರಿಗೇ ಹಡಗು ಒಡೆದು, ಹಗ್ಗದ ಏಣಿಗಳಿಗೆ ಜೋತುಬಿದ್ದಿದ್ದವರು ನೀರುಪಾಲಾದರು.

ಬಡಿದ ಗಳಿಗೆಯಿಂದ ಒಡೆದ ಗಳಿಗೆಗೆ ಸುಮಾರು ಒಂದೂವರೆ ದಿನ. ಉಳಿದವರು 37 ಮಂದಿ, ಎಲ್ಲರೂ ಗಂಡಸರು. ಒಬ್ಬ ಹೆಂಗಸಾಗಲಿ ಒಂದು ಮಗುವಾಗಲಿ ಉಳಿಯಲಿಲ್ಲ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ನೇಮಿಸಿದ ಆಯೋಗ ಸತ್ತವರ ಸಂಖ್ಯೆಯನ್ನು 136 ಎಂದಿತು. ಬೇರೆ ಲೆಕ್ಕಗಳು ಇದಕ್ಕಿಂತ ಹೆಚ್ಚೂ ಇವೆ, ಕಡಿಮೆಯೂ ಇವೆ. ಇಪ್ಪತ್ತೇಳು ವರ್ಷದ ನಂತರ, 1933ರಲ್ಲಿ, ವೆಲೆನ್ಸಿಯಾದ ಐದನೇ ನಂಬರಿನ ದೋಣಿ ಹತ್ತಿರದ ಬಾರ್ಕ್ಲೆ ಕೊಲ್ಲಿಯಲ್ಲಿ ಬರಿದೇ ತೇಲುತ್ತ ಸಿಕ್ಕಿತು. ಅದರ ಹೆಸರಿನ ಫಲಕವನ್ನು ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು.

ದಡ ಸೇರಿದವರು ಬಂಡೆಯ ಕಡೆಗೆ ಏಕೆ ಹೋಗಲಿಲ್ಲ ಎಂಬ ಪ್ರಶ್ನೆ ಆಗಲೇ ಎದ್ದಿತು. ಬೆಚ್ಚಗೆ ಕುಳಿತು ಕೇಳುವುದು ಸುಲಭ. ಚಳಿಯಲ್ಲಿ ನಡುಗುತ್ತಿದ್ದ, ಆ ಕಾಡನ್ನು ಹಿಂದೆಂದೂ ಕಂಡಿರದ ಮನುಷ್ಯನಿಗೆ ತಂತಿ ಕಂಡರೆ ತಂತಿಯೇ ದಾರಿ, ಫಲಕ ಕಂಡರೆ ಫಲಕ ಹೇಳಿದ್ದೇ ದಾರಿ. ಬಂಡೆಯ ನೆತ್ತಿಗೆ ಹೋಗಲು ನೆಚ್ಚಬಹುದಾದ ದಾರಿ ಇರಲಿಲ್ಲ. ದಾರಿ ಇದ್ದಿದ್ದರೆ ಹಗ್ಗ ಹಿಡಿಯಲು ಒಂದು ಕೈ ಇರುತ್ತಿತ್ತೇನೋ.

ಜೀವರಕ್ಷಣೆಯ ದಾರಿ

ಕೆನಡಾ ಸರ್ಕಾರಕ್ಕೆ ಎಚ್ಚರವಾಯಿತು. ಬ್ಯಾಮ್‌ಫೀಲ್ಡ್‌ನಲ್ಲಿ ಜೀವರಕ್ಷಣಾ ದೋಣಿಯ ಕೇಂದ್ರ ಬಂತು. ಪಚೀನಾ ಭೂಶಿರದ ಮೇಲೆ ಹೊಸ ದೀಪಸ್ತಂಭ ಕಟ್ಟಿ 1908ರಲ್ಲಿ ದೀಪ ಹಚ್ಚಿದರು. ಟೆಲಿಗ್ರಾಫ್ ಜಾಡನ್ನು 1907ರಿಂದ ಆರಂಭಿಸಿ ಕೆಲವು ವರ್ಷಗಳಲ್ಲಿ ಅಗಲ ಮಾಡಿ, ಹಳ್ಳಗಳಿಗೆ ಸೇತುವೆ ಹಾಕಿ, ಅಲ್ಲಲ್ಲಿ ತಂಗಲು ಗುಡಿಸಲು ಕಟ್ಟಿ, ಅವುಗಳಲ್ಲಿ ಫೋನು, ಕಂಬಳಿ, ತಿನ್ನಲು ಒಂದಿಷ್ಟು ದಿನಸಿ ಇಟ್ಟರು. ಯಾವ ದೇಶದ ನಾವಿಕನಿಗಾದರೂ ತಿಳಿಯಲೆಂದು ಸೂಚನೆಗಳನ್ನು ಹಲವು ಭಾಷೆಗಳಲ್ಲಿ ಬರೆಸಿದರು. ಈ ದಾರಿಗೆ ‘ಡೊಮಿನಿಯನ್ ಲೈಫ್ ಸೇವಿಂಗ್ ಟ್ರೇಲ್’ ಎಂದು ಹೆಸರಾಯಿತು. ಎಂದರೆ ಜೀವ ಉಳಿಸುವ ದಾರಿ.

ಮುಂದೆ ರೇಡಿಯೋ ಬಂತು, ರಡಾರ್ ಬಂತು. ಕುರುಡಾಗಿ ಬಂದು ಬಂಡೆಗೆ ಬಡಿಯುವ ಹಡಗುಗಳು ಕಡಿಮೆಯಾದವು. 1954ರಲ್ಲಿ ಸರ್ಕಾರ ದಾರಿಯನ್ನು ಕೈಬಿಟ್ಟಿತು. ಆ ಕಾಡಿನಲ್ಲಿ ಎರಡು ಮಳೆಗಾಲ ಕಡಿಯದೆ ಬಿಟ್ಟರೆ ದಾರಿ ಇತ್ತೆಂಬುದೂ ಕಾಣುವುದಿಲ್ಲ. ಗುಡಿಸಲು ಕುಸಿದವು, ಸೇತುವೆ ಕೊಳೆತವು.

ಇಷ್ಟರಲ್ಲಿ ಮರದ ಕಂಪನಿಗಳು ದ್ವೀಪದ ಕಾಡನ್ನು ಬೋಳಿಸುತ್ತ ಕಡಲ ಅಂಚಿಗೆ ಬರುತ್ತಿದ್ದವು. ಅರವತ್ತರ ದಶಕದಲ್ಲಿ ಪರಿಸರ ಪ್ರೇಮಿಗಳು, ನಡಿಗೆಯ ಹವ್ಯಾಸದವರು ಹಳೆಯ ದಾರಿಯನ್ನು ಹುಡುಕಿಕೊಂಡು ಹೋದರು. ಈ ತೀರವನ್ನು ಕಾಪಾಡಬೇಕು ಎಂದು ಒತ್ತಾಯಿಸಿದರು. 1970ರಲ್ಲಿ ಪೆಸಿಫಿಕ್ ರಿಮ್ ರಾಷ್ಟ್ರೀಯ ಉದ್ಯಾನಕ್ಕೆ ಒಪ್ಪಂದವಾಗಿ ದಾರಿಯೂ ಅದರೊಳಗೆ ಸೇರಿತು. ಎಪ್ಪತ್ತರ ದಶಕದಲ್ಲಿ ಅದನ್ನು ಮತ್ತೆ ಕಡಿದು ಕಟ್ಟಿದರು. ಉದ್ಯಾನದ ಬೇಲಿಯಾಚೆಗಿನ ಕಾರ್ಮನಾ ಕಣಿವೆಗೆ ಕೊಡಲಿ ಮುಟ್ಟುವ ಹೊತ್ತಿಗೆ, 1988ರಲ್ಲಿ, ಅಲ್ಲಿ 90 ಮೀಟರಿಗೂ ಎತ್ತರದ ಸ್ಪ್ರೂಸ್ ಮರವೊಂದು ಪತ್ತೆಯಾಗಿ ದೊಡ್ಡ ಚಳವಳಿಯೇ ನಡೆಯಿತು. 1990ರಲ್ಲಿ ಆ ಕಣಿವೆಯ ಒಂದು ಭಾಗವೂ ರಕ್ಷಿತ ಉದ್ಯಾನವಾಯಿತು.

ಭರತ ಇಳಿತದ ಲೆಕ್ಕ

ಈಗ ದಾರಿ ತೆರೆದಿರುವುದು ಮೇ 1ರಿಂದ ಸೆಪ್ಟೆಂಬರ್ 30ರವರೆಗೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಹೊರಡುವ ಮುನ್ನ ಎಲ್ಲರೂ ಮಾಹಿತಿ ಪಾಠಕ್ಕೆ ಕೂರಬೇಕು. ಅಲ್ಲಿ ಕೊಡುವ ವಸ್ತುಗಳಲ್ಲಿ ನಕ್ಷೆಗಿಂತ ಮುಖ್ಯವಾದದ್ದು ಸಮುದ್ರದ ಭರತ ಇಳಿತಗಳ ಕೋಷ್ಟಕ.

ಏಕೆಂದರೆ ದಾರಿಗೆ ಬಹಳ ಕಡೆ ಎರಡು ಕವಲು: ಒಂದು ಕಾಡಿನೊಳಗೆ, ಇನ್ನೊಂದು ಕಡಲ ಅಂಚಿಗೆ. ಕಾಡಿನದು ಕೆಸರು, ಬೇರು, ಏಣಿಗಳ ಹಾದಿ. ಅಂಚಿನದು ಮರಳು ಮತ್ತು ಚಪ್ಪಟೆ ಬಂಡೆ, ಬೇಗ ಸಾಗುತ್ತದೆ. ಆದರೆ ನೀರು ಇಳಿದಾಗ ಮಾತ್ರ. ನಮ್ಮ ಕರಾವಳಿಯಂತೆಯೇ ಅಲ್ಲಿಯೂ ದಿನಕ್ಕೆ ಸಾಮಾನ್ಯವಾಗಿ ಎರಡು ಭರತ, ಎರಡು ಇಳಿತ. ಏರಿಳಿತ ಮಾತ್ರ ಹೆಚ್ಚು, ಕೆಲವು ದಿನ ನಾಲ್ಕು ಮೀಟರ್ ಹತ್ತಿರ. ಓವೆನ್ ಭೂಶಿರದ ಬಳಿ ಕಡಲು ಕೊರೆದ ಗುಹೆಗಳ ಮೂಲಕ ಹಾದುಹೋಗಬೇಕಾದರೆ ನೀರಿನ ಮಟ್ಟ 1.8 ಮೀಟರಿಗಿಂತ ಕೆಳಗಿರಬೇಕು. ಹೊತ್ತು ತಪ್ಪಿದರೆ ಹಿಂದೆ ನೀರು, ಮುಂದೆ ನೀರು, ಪಕ್ಕದಲ್ಲಿ ಬಂಡೆ. ಅಲೆ ಕೊರೆದ ಆಳವಾದ ಕೊರಕಲುಗಳು ಬೇರೆ. ಅವುಗಳೊಳಗೆ ನೀರು ನುಗ್ಗಿದಾಗ ಬಿದ್ದವರು ಮೇಲೆ ಬರುವುದು ಕಷ್ಟ. ಕೋಷ್ಟಕ ಓದುವುದರಲ್ಲೂ ಎಚ್ಚರ ಬೇಕು. ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಕೋಷ್ಟಕ ಹಳೆಯ ಗಡಿಯಾರದ್ದಾಗಿದ್ದರೆ ಆ ಒಂದು ಗಂಟೆ ಕೂಡಿಸಬೇಕು.

ಕಾಡಿನೊಳಗಿನ ದಾರಿಯ ವೈಶಿಷ್ಟ್ಯ ಮರದ ಏಣಿಗಳು. ಕಣಿವೆಗೆ ಇಳಿಯಲು ಒಂದರ ಕೆಳಗೊಂದು ಏಣಿ, ಆಚೆ ಹತ್ತಲು ಮತ್ತೆ ಅಷ್ಟೇ ಏಣಿ. ಬೆನ್ನಿನ ಮೇಲೆ ಹದಿನೈದಿಪ್ಪತ್ತು ಕಿಲೋ ಭಾರ, ಕೈಗೆ ಸಿಗುವುದು ಮಳೆಗೆ ನೆನೆದ ಮೆಟ್ಟಿಲು. ಕೆಲವು ಹೊಳೆಗಳನ್ನು ದಾಟಲು ತಂತಿಗೆ ತೂಗುಹಾಕಿದ ಲೋಹದ ತೊಟ್ಟಿಲುಗಳಿವೆ. ಇಬ್ಬರು ಕುಳಿತು ಹಗ್ಗ ಎಳೆದುಕೊಂಡು ತಮ್ಮನ್ನು ತಾವೇ ಆಚೆ ದಡಕ್ಕೆ ಸಾಗಿಸಿಕೊಳ್ಳಬೇಕು. ನಿಟಿನಾಟ್ ಎಂಬ ಕಿರಿದಾದ ಅಳಿವೆಯಲ್ಲಿ ಸೆಳವು ಜೋರು. ಅಲ್ಲಿ ಡಿಟಿಡಾಟ್ ಜನರ ದೋಣಿಯಲ್ಲೇ ದಾಟಬೇಕು. ಬಹಳ ದಿನದಿಂದ ಒಣ ಆಹಾರ ತಿಂದು ಬೇಸತ್ತವರಿಗೆ ಆ ದೋಣಿಕಟ್ಟೆಯಲ್ಲಿ ಸಿಗುವ ಬಿಸಿ ಏಡಿ ಮತ್ತು ಮೀನು ಅಮೃತದಂತೆ.

ರಾತ್ರಿ ಡೇರೆ ಹಾಕುವುದು ಹೊಳೆ ಕಡಲು ಸೇರುವ ಮರಳಿನ ಮೇಲೆ. ಕರಡಿ, ತೋಳ, ಕೂಗರ್ ಎಂಬ ಚಿರತೆಯಂಥ ಪ್ರಾಣಿ ಓಡಾಡುವ ನೆಲ. ಆದ್ದರಿಂದ ತಿನ್ನುವ ಪದಾರ್ಥ ಮಾತ್ರವಲ್ಲ, ಹಲ್ಲುಜ್ಜುವ ಪೇಸ್ಟು ಕೂಡ ಲೋಹದ ಪೆಟ್ಟಿಗೆಯೊಳಗೆ ಹೋಗಬೇಕು. 25ನೇ ಕಿಲೋಮೀಟರಿನಲ್ಲಿ ಸೂಸಿಯಾಟ್ ಜಲಪಾತ ಅಗಲವಾಗಿ ನೇರ ಕಡಲ ತೀರಕ್ಕೇ ಬೀಳುತ್ತದೆ. 12ನೇ ಕಿಲೋಮೀಟರಿನ ಹಳ್ಳದ ಬಾಯಲ್ಲಿ ತುಕ್ಕು ಹಿಡಿದ ದೊಡ್ಡ ಬಾಯ್ಲರ್ ಬಿದ್ದಿದೆ. ಅದು 1893ರಲ್ಲಿ ಒಡೆದ ‘ಮಿಷಿಗನ್’ ಹಡಗಿನದು. ಇದನ್ನೆಲ್ಲ ನೋಡುತ್ತ ಸುಖವಾಗಿ ಮುಗಿಸುವವರೇ ಹೆಚ್ಚು. ಆದರೂ ಪ್ರತಿವರ್ಷ ಹತ್ತಾರು ಮಂದಿ ಕಾಲು ಮುರಿದು, ಕಣಕಾಲು ಉಳುಕಿ, ಚಳಿಗೆ ಸಿಕ್ಕಿ ನಡೆಯಲಾರದಾಗುತ್ತಾರೆ. ಅವರನ್ನು ದೋಣಿಯಲ್ಲೋ ಹೆಲಿಕಾಪ್ಟರಿನಲ್ಲೋ ಹೊರಗೆ ತರುತ್ತಾರೆ. ಜೀವರಕ್ಷಣೆಯ ದಾರಿ ಆ ಕೆಲಸವನ್ನು ಪೂರ್ತಿ ಬಿಟ್ಟಿಲ್ಲ.

ದಾರಿ ಯಾರದು?

ಉದ್ಯಾನದ ಪೂರ್ತಿ ಹೆಸರಿನಲ್ಲಿ ‘ರಿಸರ್ವ್’ ಎಂಬ ಪದ ಸೇರಿದೆ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಈ ನೆಲದ ಮೇಲಿನ ಮೂಲನಿವಾಸಿಗಳ ಹಕ್ಕು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ ಎಂಬುದನ್ನು ಸರ್ಕಾರವೇ ಆ ಪದದ ಮೂಲಕ ಒಪ್ಪಿಕೊಂಡಿದೆ. ದಾರಿ ಹಲವೆಡೆ ಮೂರು ಜನಾಂಗಗಳ ಮೀಸಲು ನೆಲದ ಮೂಲಕವೇ ಹೋಗುತ್ತದೆ. ಹೂ-ಐ-ಆಟ್ ಸೇರಿದ ಒಪ್ಪಂದವೊಂದು 2011ರಲ್ಲಿ ಜಾರಿಗೆ ಬಂದು ಅವರಿಗೆ ಸ್ವಂತ ಆಡಳಿತದ ಅಧಿಕಾರ ಸಿಕ್ಕಿತು.

ತೊಂಬತ್ತರ ದಶಕದಲ್ಲಿ ಇಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಶುರುವಾಯಿತು. ಮೂರೂ ಜನಾಂಗದವರು ದಾರಿಯ ಕಾವಲುಗಾರರಾಗಿ ನೇಮಕಗೊಂಡರು. ಇವರಿಗೆ ‘ಟ್ರೇಲ್ ಗಾರ್ಡಿಯನ್’ ಎಂದು ಹೆಸರು. ಬಿದ್ದ ಮರ ಕಡಿಯುವುದು, ಏಣಿ ರಿಪೇರಿ, ಹಲಗೆ ಬದಲಿಸುವುದು, ಗಾಯಗೊಂಡವರ ಬಳಿಗೆ ಮೊದಲು ತಲುಪುವುದು, ಹಳೆಯ ಊರುಗಳ ಕುರುಹುಗಳನ್ನು ಕಾಯುವುದು ಇವರ ಕೆಲಸ. ಡೇರೆಯ ಬಳಿ ಬಂದು ಕುಳಿತು, ಈ ಹಳ್ಳದ ನಿಜವಾದ ಹೆಸರೇನು, ಇಲ್ಲಿ ಯಾರ ಮನೆಯಿತ್ತು ಎಂದು ಹೇಳುವುದೂ ಉಂಟು. ಹಿಂದೆ ದಡಕ್ಕೆ ಬಿದ್ದ ನಾವಿಕರಿಗೆ ಬೆಂಕಿ ಹಾಕಿಕೊಟ್ಟವರ ಮೊಮ್ಮಕ್ಕಳು ಈಗ ಸಂಬಳದ ಮೇಲೆ ಅದೇ ಕೆಲಸದ ಇನ್ನೊಂದು ರೂಪವನ್ನು ಮಾಡುತ್ತಿದ್ದಾರೆ ಎನ್ನಬಹುದು. 2020ರಲ್ಲಿ ಕೋವಿಡ್ ಕಾರಣ ದಾರಿ ಇಡೀ ವರ್ಷ ಮುಚ್ಚಿತ್ತು. ಸಿಡುಬು ಊರುಗಳನ್ನು ಬರಿದು ಮಾಡಿದ್ದ ತೀರದಲ್ಲಿ ಆ ಎಚ್ಚರಿಕೆ ಹೆಚ್ಚಿನದೆಂದು ಯಾರೂ ಹೇಳಲಾರರು. ಮರುವರ್ಷ ಮತ್ತೆ ತೆರೆಯಿತು.

ನಡೆಯುವವರು ಸಾಮಾನ್ಯವಾಗಿ ಎರಡನೆಯ ದಿನ, 18ನೇ ಕಿಲೋಮೀಟರಿನ ಆಸುಪಾಸಿನಲ್ಲಿ, ಒಂದು ಬಂಡೆಯ ನೆತ್ತಿಗೆ ಬರುತ್ತಾರೆ. ಕೆಳಗೆ ವೆಲೆನ್ಸಿಯಾ ಒಡೆದ ಜಾಗ. ಈಗ ಅಲ್ಲಿಗೆ ದಾರಿಯಿದೆ, ಹಲಗೆ ಹಾಸಿದೆ. ಹೆಚ್ಚಿನವರು ಬೆನ್ನಿನ ಹೊರೆ ಇಳಿಸಿ ನೀರು ಕುಡಿದು ಒಂದು ಗಳಿಗೆ ನಿಲ್ಲುತ್ತಾರೆ. 1906ರ ಜನವರಿಯಲ್ಲಿ ಹಗ್ಗ ಬಂದು ಬಿದ್ದದ್ದು ಇಂಥದೇ ನೆತ್ತಿಯ ಮೇಲೆ. ಅಂದು ಅಲ್ಲಿ ನಿಲ್ಲಬೇಕಾದವರು ಇರಲಿಲ್ಲ. ಇಂದು ಬೇಸಿಗೆಯ ಯಾವ ದಿನ ಹೋದರೂ ಅಲ್ಲಿ ಯಾರಾದರೊಬ್ಬರು ನಿಂತಿರುತ್ತಾರೆ.